ಸಂಖ್ಯೆ ಹೇಳುತ್ತಿದ್ದ ಬಾಗಿಲು

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದು: "ಮೇಡಂ, ಗ್ರಾಹಕರನ್ನ ಏನೇನು ಕೇಳಬೇಕು?" ಅದನ್ನು ಯಾರು ಬೇಕಾದರೂ ಬರೆದುಕೊಡುತ್ತಾರೆ. ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು, ಬಂದ ಮಾತಿನಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದೇ ಕೆಲಸ. ಚಳ್ಳಕೆರೆಯ ಒಂದು ಸಣ್ಣ ಸ್ಟಾರ್ಟಪ್‌ನಲ್ಲಿ ನಾನು ನಿವೃತ್ತಿಯಾಗುವವರೆಗೆ ಮಾಡಿದ್ದು ಇದನ್ನೇ. ಮುಂದೆ ಈ ಕುರ್ಚಿಯಲ್ಲಿ ಕೂರುವವರಿಗೆ ಉಪಯೋಗವಾದರೆ ಆಗಲಿ ಎಂದು ಬರೆದಿಡುತ್ತಿದ್ದೇನೆ.

ಅದಕ್ಕೂ ಮೊದಲು ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲ್‌ಗಳ ಕಾಲ. ಕರೆ ಮಾಡಿದವರು ಹೇಳಿದ್ದನ್ನು ತಿರುಗಿ ಅವರಿಗೇ ಹೇಳಿ ಖಚಿತ ಮಾಡಿಕೊಳ್ಳಬೇಕು. ನಮ್ಮ ಕಡೆಯಿಂದ ಒಂದು ಪದ ಸೇರಿಸುವಂತಿಲ್ಲ, ಒಂದು ಪದ ಬಿಡುವಂತಿಲ್ಲ. ಪಾಳಿ ಮುಗಿಸಿ ಏಳುವಾಗ ಮುಂದಿನವರಿಗೆ ಎಲ್ಲವನ್ನೂ ಒಪ್ಪಿಸಿ ಏಳಬೇಕು. ಇಲಾಖೆ ಸ್ವಯಂ ನಿವೃತ್ತಿ ಕೊಟ್ಟು ಕಳಿಸಿದಾಗ ಎಕ್ಸ್‌ಚೇಂಜ್ ಬಿಟ್ಟೆ, ಆ ಶಿಸ್ತು ಬಿಡಲಿಲ್ಲ.

ನಮ್ಮ ಬೀದಿಯ ಪ್ರಸನ್ನ ಎಣ್ಣೆ ಮಿಲ್ಲಿನ ಮೆಕ್ಯಾನಿಕ್ಕಿನ ಮಗ. ಎಂಜಿನಿಯರಿಂಗ್ ಮುಗಿಸಿ ಊರಲ್ಲೇ ಕಂಪನಿ ಮಾಡಿದ. ಒಂದು ದಿನ ಮನೆಗೆ ಬಂದು ಜಗುಲಿಯ ಮೇಲೆ ಕುಳಿತು, "ಸುಶೀಲಕ್ಕ, ನಿಮಗೆ ಇನ್ನೊಬ್ಬರ ಮಾತು ಕೇಳೋ ಅಭ್ಯಾಸ ಐತೆ. ನಮ್ಮ ಆಫೀಸಲ್ಲಿ ಇರೋರಿಗೆಲ್ಲಾ ಮಾತಾಡೋ ಅಭ್ಯಾಸ ಮಾತ್ರ ಐತೆ. ಬರ್ತೀರಾ?" ಎಂದ. ಮಾರನೆಯ ದಿನ ಕಸ ಗುಡಿಸುವವಳಿಗಿಂತ ಮುಂಚೆ ಹೋಗಿ ಬಾಗಿಲ ಮುಂದೆ ನಿಂತಿದ್ದೆ.

ಅವನು ತಯಾರಿಸಿದ ವಸ್ತು ಕುರಿ ರೊಪ್ಪದ ಬಾಗಿಲು. ನಮ್ಮ ಕಡೆ ಕುರಿಗಳನ್ನು ಸಂಜೆ ಕೂಡುವ ಮುಳ್ಳುಬೇಲಿಯ ಆವರಣಕ್ಕೆ ರೊಪ್ಪ ಎನ್ನುತ್ತಾರೆ. ಅದರ ಬಾಯಿಗೆ ಈ ಕಬ್ಬಿಣದ ಚೌಕಟ್ಟನ್ನು ನಿಲ್ಲಿಸಿದರೆ ಕುರಿಗಳು ಒಂದರ ಹಿಂದೆ ಒಂದು ನುಗ್ಗಬೇಕು. ಬಾಗಿಲು ಎಣಿಸುತ್ತದೆ. ಕೊನೆಯ ಕುರಿ ಒಳಗೆ ಹೋದ ಮೇಲೆ ಒಟ್ಟು ಎಷ್ಟೆಂದು ಗಟ್ಟಿಯಾಗಿ ಹೇಳುತ್ತದೆ. ಅದೇ ಸಂಖ್ಯೆ ಮಾಲೀಕರ ಮೊಬೈಲಿಗೂ ನಮ್ಮ ಆಫೀಸಿನ ಪರದೆಗೂ ಬರುತ್ತದೆ. ರಾತ್ರಿ ಯಾರಾದರೂ ತೆಗೆದರೆ ಸೈರನ್ ಕೂಗುತ್ತದೆ. ಸಂಖ್ಯೆ ಹೇಳುವ ದನಿ ಪ್ರಸನ್ನನ ತಾಯಿಯದು. ಶೇಂಗಾ ಆರಿಸಿ ಮಗನನ್ನು ಓದಿಸಿದವಳು. ಅವಳ ಬಾಯಲ್ಲಿ ಒಂದರಿಂದ ಶುರುಮಾಡಿ ಸಂಖ್ಯೆಗಳನ್ನು ಹೇಳಿಸಿ ಧ್ವನಿಮುದ್ರಣ ಮಾಡಿಕೊಂಡಿದ್ದ. ಎಲ್ಲಿ ಬಾಗಿಲು ಕೂರಿಸಲು ಹೋದರೂ ಮೊದಲು ಅದನ್ನು ಕೇಳಿಸಿ, "ಇದು ನಮ್ಮವ್ವನ ದನಿ" ಎಂದು ಹೇಳುವುದು ಅವನ ರೂಢಿಯಾಗಿತ್ತು.

ಮೊದಲ ಪಾಠ ಕಲಿಸಿದ್ದು ಗೌರಸಮುದ್ರ ಎಂಬ ಹಳ್ಳಿ. ಗ್ರಾಹಕರಿಗೆ ತಾನಾಗಿಯೇ ಹೋಗುವ ಫೋನ್ ಕರೆ ಇತ್ತು: ಬಾಗಿಲು ಹೇಗಿದೆ, ಒಂದರಿಂದ ಐದರವರೆಗೆ ಒಂದು ಗುಂಡಿ ಒತ್ತಿ. ನಮ್ಮ ಲೆಕ್ಕದಲ್ಲಿ ಐದು ಒಳ್ಳೆಯದು, ಒಂದು ಕೆಟ್ಟದ್ದು. ಗೌರಸಮುದ್ರದ ಕಡೆಯಿಂದ ಬಂದದ್ದೆಲ್ಲ ಒಂದು. ಪ್ರಸನ್ನ ಮಧ್ಯಾಹ್ನದ ಊಟದ ಡಬ್ಬಿ ತೆರೆಯಲಿಲ್ಲ. ನಾನು ಒಬ್ಬ ಯಜಮಾನರಿಗೆ ಫೋನ್ ಮಾಡಿ, ಬಾಗಿಲಲ್ಲಿ ಏನು ತೊಂದರೆ ಎಂದು ಕೇಳಿದೆ.

"ತೊಂದ್ರೆನಾ? ಯಾರಂದ್ರು?"

"ನೀವು ಒಂದು ಒತ್ತಿದ್ದೀರಲ್ಲ."

"ಹ್ಞೂಂ, ಫಸ್ಟ್ ಕೊಟ್ಟೀನಿ. ಐದ್ನೇದು ಕೊಡಾಕೆ ನಿಮಗೂ ನನಗೂ ಏನು ಹಗೆ ಐತಾ ತಾಯಿ?"

ಶಾಲೆಯ ರ್‍ಯಾಂಕಿನ ಲೆಕ್ಕ. ಆ ಲೆಕ್ಕದಲ್ಲಿ, ಬೇರೆ ಹಳ್ಳಿಗಳಲ್ಲಿ ಐದು ಒತ್ತಿದವರೆಂದು ನಾವು ಸಂತೋಷಪಟ್ಟು ಬಿಟ್ಟಿದ್ದ ಮನೆಗಳೇ ನಿಜವಾಗಿ ಸಿಟ್ಟಾಗಿದ್ದವು. ಅಂದೇ ಆ ಕರೆ ನಿಲ್ಲಿಸಿ, ಐದು ಒತ್ತಿದವರ ಮನೆಗಳಿಗೆ ಬಸ್ಸು ಹತ್ತಿದೆವು.

ಎರಡನೆಯದು ಮೊಳಕಾಲ್ಮುರು ದಾಟಿ ಆಂಧ್ರದ ಗಡಿಗೆ ಅಂಟಿದ ಹಳ್ಳಿಯದು. ಹಿರಿಯರೊಬ್ಬರು ಕಂಬಳಿ ಹಾಸಿ ಕೂರಿಸಿ ಮಜ್ಜಿಗೆ ಕೊಟ್ಟರು. ಬಾಗಿಲು ಹೇಗಿದೆ ಎಂದರೆ, "ಬಾಗುಂದಮ್ಮಾ, ಚಾಲಾ ಬಾಗುಂದಿ" ಎಂದು ತೆಲುಗಿನಲ್ಲಿ ಹೇಳಿ, ಬಹಳ ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದರು. ನನ್ನ ಜೊತೆಗಿದ್ದ ಪ್ರಸನ್ನ ಖುಷಿಯಿಂದ ಬರೆದುಕೊಂಡ. ಎದ್ದು ಹೊರಟಾಗ ಹಿತ್ತಲಲ್ಲಿ ನಮ್ಮ ಬಾಗಿಲು ಕಂಡಿತು. ಅದರ ಮೇಲೆ ಹೀರೇಬಳ್ಳಿ ಸೊಗಸಾಗಿ ಹಬ್ಬಿ ಹೂ ಬಿಟ್ಟಿತ್ತು. ಹಿರಿಯರು ನಾಚಿಕೊಂಡು, "ಮನೆಗೆ ಬಂದೋರ ಮುಂದೆ ಹೆಂಗಮ್ಮಾ ಹೇಳೋದು" ಎಂದರು. ದೊಡ್ಡ ಟಗರಿನ ಕೊಂಬು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತಂತೆ. ಚೌಕಟ್ಟನ್ನು ಅಗಲ ಮಾಡಿದೆವು.

ಅಂದಿನಿಂದ 'ಹೇಗಿದೆ' ಎಂಬ ಪ್ರಶ್ನೆಯನ್ನು ನಾನು ಬಿಟ್ಟೆ. ಅದಕ್ಕೆ ನಮ್ಮ ಜನರಲ್ಲಿ ಒಂದೇ ಉತ್ತರ, ಮತ್ತು ಅದು ಬಾಗಿಲಿನ ಬಗ್ಗೆ ಅಲ್ಲ, ಅತಿಥಿಯ ಬಗ್ಗೆ. ಅದರ ಬದಲು, "ನಿನ್ನೆ ಸಂಜೆ ಕುರಿ ಎಲ್ಲಿಂದ ಒಳಗೆ ಬಂದವು?" ಎಂದು ಕೇಳುತ್ತಿದ್ದೆ. ಹಳ್ಳಿಗೆ ಹೋದರೆ ಮಜ್ಜಿಗೆ ಕುಡಿಯುವ ಮೊದಲೇ ಬಾಗಿಲು ನೋಡುತ್ತಿದ್ದೆ. ನೀವೂ ಹಾಗೇ ಮಾಡಿ. ಮಜ್ಜಿಗೆ ಎಲ್ಲೂ ಹೋಗುವುದಿಲ್ಲ.

ಬರುವುದೆಲ್ಲ ದೂರೇ ಆಗಿರುವುದಿಲ್ಲ. ಮಗನಿಗೆ ಕೆಲಸ ಕೊಡಿಸಿ ಎನ್ನುವವರು, ದೇವಸಮುದ್ರದ ಬಸ್ಸು ಹೋಯಿತಾ ಎಂದು ವಿಚಾರಿಸುವವರು, ಒಂಟಿಯಾಗಿದ್ದು ಮಾತು ಬೇಕಾಗಿ ಫೋನ್ ಮಾಡುವವರು ಎಲ್ಲರೂ ಇದ್ದರು. ಜರಡಿ ಹಿಡಿಯಲೇಬೇಕು. ಪ್ರಸನ್ನ ಒಂದು ನಿಯಮ ಮಾಡಿದ್ದ: ಒಂದೇ ದೂರನ್ನು ಮೂವರು ಹೇಳಿದರೆ ಮಾತ್ರ ಅದು ಎಂಜಿನಿಯರುಗಳ ಮೇಜಿಗೆ ಹೋಗುತ್ತದೆ, ಒಬ್ಬಿಬ್ಬರದು ಪಕ್ಕಕ್ಕೆ. ಒಳ್ಳೆಯ ನಿಯಮವೇ. ಟಗರಿನ ಕೊಂಬಿನ ದೂರೂ ಇನ್ನಿಬ್ಬರ ಬಾಯಲ್ಲಿ ಬಂದ ಮೇಲೆಯೇ ಮೇಜಿಗೆ ಹೋಗಿ ಸರಿಯಾಯಿತು. ಆಮೇಲೆ ಜನ ವಾಟ್ಸಾಪಿನಲ್ಲಿ ದನಿ ಸಂದೇಶ ಕಳಿಸತೊಡಗಿದರು. ಅದನ್ನು ಕೇಳಿ ಸಾರಾಂಶ ಬರೆಯುವ ಕಂಪ್ಯೂಟರ್ ಪ್ರೋಗ್ರಾಂ ಬಂತು. ನನ್ನ ಅರ್ಧ ದಿನ ಉಳಿಯಿತು, ಸುಳ್ಳಾಡುವುದಿಲ್ಲ. ಆದರೆ ಒಬ್ಬ ಹೆಣ್ಣುಮಗಳು ತಡೆತಡೆದು, ನಡುವೆ ಮೂರು ಸಲ ನಿಲ್ಲಿಸಿ ಹೇಳಿದ್ದನ್ನು ಅದು 'ಬ್ಯಾಟರಿ ಸಮಸ್ಯೆ' ಎಂದು ಎರಡು ಪದದಲ್ಲಿ ಮುಗಿಸಿಬಿಡುತ್ತಿತ್ತು. ಹಾಗಾಗಿ ಸಾರಾಂಶ ಓದಿದ ಮೇಲೂ ಒಂದೊಂದು ಸಂದೇಶವನ್ನು ಕಿವಿಯಿಂದ ಕೇಳುವುದನ್ನು ನಾನು ಬಿಡಲಿಲ್ಲ.

ಮೊಳಕಾಲ್ಮುರು ರಸ್ತೆಯ ಗೊಲ್ಲರ ಹಟ್ಟಿಗಳಿಂದ ಒಂದು ಹಂಗಾಮಿನಲ್ಲಿ ಬಿಡಿ ದೂರುಗಳು ಬರತೊಡಗಿದವು. ಒಬ್ಬರಿಗೆ ಬ್ಯಾಟರಿ ಬೇಗ ಮುಗಿಯುತ್ತದೆ. ಒಬ್ಬರ ಮನೆಯಲ್ಲಿ ಮಗು ಬೆಚ್ಚುತ್ತದೆ. ಇನ್ನೊಬ್ಬರ ಆಡುಗಳು ಹೆದರುತ್ತವೆ. ಮತ್ತೊಬ್ಬರ ಮನೆಯಲ್ಲಿ ಅಜ್ಜಿಗೆ ತಲೆನೋವು. ಅದಕ್ಕೇ ಬಾಗಿಲಿನ ಸ್ವಿಚ್ ಆರಿಸಿಡುತ್ತೇವೆ ಎನ್ನುತ್ತಿದ್ದರು. ಯಾವ ಕಾರಣವನ್ನೂ ಮೂವರು ಹೇಳಲಿಲ್ಲ, ಎಲ್ಲವೂ ಪಕ್ಕಕ್ಕೆ ಹೋದವು. ನನಗೆ ಸಮಾಧಾನವಾಗಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಕಾರಣ ಬಿಟ್ಟು ಹೊತ್ತು ಕೇಳಿದೆ: "ಸ್ವಿಚ್ ಯಾವಾಗ ಆರಿಸ್ತೀರಿ?" ಎಲ್ಲರದೂ ಒಂದೇ ಉತ್ತರ: "ಕುರಿ ಬರೋ ಹೊತ್ತಿಗೆ." ಕುರಿ ಬರುವ ಹೊತ್ತಿಗೆಂದೇ ಮಾಡಿದ ಬಾಗಿಲನ್ನು ಕುರಿ ಬರುವ ಹೊತ್ತಿಗೇ ಆರಿಸುತ್ತಿದ್ದರು.

ಪ್ರಸನ್ನನಿಗೆ ಹೇಳಿದೆ.

"ಅಕ್ಕ, ಇವು ನಾಲ್ಕು ಬೇರೆ ಬೇರೆ ಕಾರಣ. ನಾಲ್ಕೂ ಸೇರಿ ಒಂದು ಹೆಂಗಾಗ್ತವೆ?"

"ಕಾರಣ ಬೇರೆ ಇರಬಹುದು. ಹೊತ್ತು ಒಂದೇ ಅಲ್ಲ?"

"ಹಣ ಹಾಕಿದೋರು ಈ ವಾರ ಬರ್ತಾವ್ರೆ. ಅದು ಮುಗೀಲಿ, ಇಬ್ರೂ ಹೋಗಿಬರೋಣ."

ಬಂದವರ ಮುಂದೆ ಬಾಗಿಲಿನ ಪ್ರದರ್ಶನ ನಡೆಯಿತು. ಅವನ ತಾಯಿಯ ದನಿ ಸಂಖ್ಯೆ ಹೇಳಿದಾಗ ಅವರು ಚಪ್ಪಾಳೆ ತಟ್ಟಿದರು. ಅವರು ಹೊರಟ ಮರುದಿನ ಬೆಳಿಗ್ಗೆ ತಿಪ್ಪೇಶ ಎಂಬುವನ ಫೋನ್ ಬಂತು. ಆ ಹಟ್ಟಿಗಳಲ್ಲೊಂದರ ಈರಮ್ಮ ಎಂಬ ಕುರಿಗಾಹಿ ಹೆಂಗಸಿನ ಮಗ. ಹಿಂದೆ ಅಜ್ಜಿಯ ತಲೆನೋವಿನ ದೂರು ಕೊಟ್ಟಿದ್ದವನು ಅವನೇ.

"ಮೇಡಂ, ನಿಮ್ಮ ಬಾಗ್ಲು ತಗೊಂಡು ಹೋಗ್ರಿ."

"ಯಾಕಪ್ಪಾ?"

"ಕುರಿ ಹೋದ್ವು. ರಾತ್ರಿ ವ್ಯಾನ್ ತಂದು ತುಂಬ್ಕೊಂಡು ಹೋಗವ್ರೆ."

ದೂರಲಿಲ್ಲ, ಬೈಯಲಿಲ್ಲ. ಇಷ್ಟು ಹೇಳಿ ಇಟ್ಟ. ನಾನು ಮುಂದಿನ ಬಸ್ಸು ಹಿಡಿದೆ.

ಈರಮ್ಮ ರೊಪ್ಪದ ಹೊರಗೆ ನಿಂತಿದ್ದಳು. ನನಗಿಂತ ಸ್ವಲ್ಪ ಚಿಕ್ಕವಳು. ಗಂಡ ಹೋದ ಮೇಲೆ ಮಂದೆಯನ್ನು ಅವಳೇ ನಡೆಸಿದವಳು. ಉಳಿದ ಕುರಿಗಳು ಒಂದು ಮೂಲೆಗೆ ಒತ್ತಿಕೊಂಡು ನಿಂತಿದ್ದವು; ಹೊರಗೆ ಬಿಟ್ಟರೂ ಹೋಗಲೊಲ್ಲವು. ಎಷ್ಟು ಹೋದವೆಂದು ನಾನು ಕೇಳಲಿಲ್ಲ. ನೋಡಿದರೆ ತಿಳಿಯುತ್ತಿತ್ತು, ರೊಪ್ಪ ಅವುಗಳಿಗೆ ಬಹಳ ದೊಡ್ಡದಾಗಿತ್ತು.

"ಸೈರನ್ ಕೂಗಲಿಲ್ಲವಾ ಈರಮ್ಮ?" ಎಂದೆ.

ಅವಳು ಬಾಗಿಲಿನ ಹತ್ತಿರ ಹೋಗಿ, ದನಿ ಬರುವ ತೂತುಗಳ ತಗಡನ್ನು ಸರಿಸಿ, ಎರಡು ಬೆರಳು ಹಾಕಿ ಒಳಗಿನಿಂದ ಉಣ್ಣೆ ಎಳೆದಳು. ಗಟ್ಟಿಯಾಗಿ ತುರುಕಿದ್ದ ಉಣ್ಣೆ. ಎಳೆದಷ್ಟೂ ಬರುತ್ತಲೇ ಇತ್ತು.

"ನಾವೇ ಇದ್ರ ಬಾಯಿ ಕಟ್ಟಿದ್ವಿ ಅಕ್ಕ. ದಿನಾ ಆರಿಸೋದು ಮರೀತಿದ್ವಿ, ಅದ್ಕೇ ಕಟ್ಟಿಬಿಟ್ವಿ. ಹೇಳಬಾರದ್ದೂ ಅದೇ ಬಾಯಾಗೆ, ಕೂಗಬೇಕಾದ್ದೂ ಅದೇ ಬಾಯಾಗೆ. ನಮಗೇನು ಗೊತ್ತು?"

"ಹೇಳಬಾರದ್ದು ಅಂದ್ರೆ ಏನು?"

ನಾನು ಕಾದೆ. ಕೈಯಲ್ಲಿದ್ದ ಉಣ್ಣೆಯನ್ನು ಅವಳು ಬಿಡಿಸುತ್ತಾ ನಿಂತಳು. ಆಮೇಲೆ ತಾನಾಗಿಯೇ ಹೇಳಿದಳು.

"ಕುರಿ ಎಷ್ಟವೆ ಅಂತ ಯಾರಾದ್ರೂ ಕೂಗಿ ಹೇಳ್ತಾರಾ ಅಕ್ಕ? ನಮ್ಮಪ್ಪ ಇರೋವರ್ಗೂ ಬಾಯಾಗೆ ಲೆಕ್ಕ ಅಂದೋನಲ್ಲ. ಯಾರಾದ್ರೂ ಕೇಳಿದ್ರೆ, ಏನೋ ನಾಕು ಅವೆ ಅಂತ ಅಂದು ಸುಮ್ನಾಗೋದು. ಕಣ್ಣು ಬೀಳ್ತೈತೆ. ಕಣ್ಣು ಬೇಡ ಬಿಡು, ಜನದ ನಾಲಗೆ ಇಲ್ವಾ? ಇದು ದಿನಾ ಸಂಜೆ ಹಟ್ಟಿಗೆಲ್ಲಾ ಸಾರ್ತಿತ್ತು. ರಸ್ತೆ ಮ್ಯಾಲೆ ಹೋಗೋನಿಗೂ ಕೇಳ್ತಿತ್ತು."

"ಎಣಿಸದೇ ಹೆಂಗೆ ಗೊತ್ತಾಗುತ್ತೆ, ಒಂದು ಕಮ್ಮಿಯಾದ್ರೆ?"

"ಉಣ್ಣಾಕೆ ಕೂತಾಗ ಮಕ್ಳನ್ನ ಎಣಿಸ್ತೀಯಾ? ಯಾವ್ದು ಬಂದಿಲ್ಲ ಅಂತ ಗೊತ್ತಾಗ್ತೈತೆ."

"ಮತ್ತೆ ನಮಗೆ ಯಾಕೆ ಹೇಳಲಿಲ್ಲ?"

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಆ ಹುಡುಗ ನಮ್ಮವ್ವನ ದನಿ ಅಂದ. ಹೆತ್ತವ್ವನ ದನಿ ಬ್ಯಾಡ ಅಂತ ಯಾವ ಬಾಯಾಗೆ ಹೇಳ್ಲಿ?"

ನಾಲ್ಕು ಮನೆಗಳು ನಾಲ್ಕು ಕಾರಣ ಹುಡುಕಿಕೊಂಡದ್ದು ಇದಕ್ಕಾಗಿ. ಯಾರೂ ನಮಗೆ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಒಬ್ಬ ಮಗನ ಮನಸ್ಸು ಉಳಿಸಲು ಹೇಳಿದ್ದರು.

ಹೊರಡುವ ಮುಂಚೆ ಈರಮ್ಮ ಕೇಳಿದಳು: "ಈ ಲೆಕ್ಕ ಇನ್ಯಾರಿಗೆ ಹೇಳ್ತೈತೆ ಅದು?"

"ತಿಪ್ಪೇಶನ ಮೊಬೈಲಿಗೆ. ನಮ್ಮ ಆಫೀಸಿಗೆ."

"ಚಳ್ಳಕೆರಿಗೂ?"

"ಹೌದು."

"ಅಲ್ಲಿಂದ?"

ಗೊತ್ತಿಲ್ಲ ಎಂದೆ. ಅವಳು ಸೆರಗು ಕೊಡವಿ, "ತಗೊಂಡು ಹೋಗು ಅಕ್ಕ. ನಿಮ್ಮ ಮ್ಯಾಲೆ ನಮಗೇನು ಸಿಟ್ಟಿಲ್ಲ. ಇದು ಇಲ್ಲಿ ಬ್ಯಾಡ" ಎಂದಳು. ತಿಪ್ಪೇಶ ಒಂದು ಲಗೇಜ್ ಆಟೋ ಕರೆಸಿದ. ಬಾಗಿಲಿನ ಜೊತೆ ನಾನೂ ಅದರಲ್ಲೇ ಬಂದೆ.

ಆಫೀಸಿನಲ್ಲಿ ಉಣ್ಣೆಯನ್ನು ಪ್ರಸನ್ನನ ಮೇಜಿನ ಮೇಲಿಟ್ಟು, ಅವಳ ಮಾತನ್ನು ಅವಳ ಪದಗಳಲ್ಲೇ ಒಪ್ಪಿಸಿದೆ. ಅವನು ಸಂಜೆ ಮನೆಗೆ ಹೋಗಿ ತಾಯಿಗೆ ಹೇಳಿದನಂತೆ. ಮರುದಿನ ಬಂದವನೇ ನನ್ನ ಎದುರಿನ ಕುರ್ಚಿಯಲ್ಲಿ ಕುಳಿತ.

"ಅವ್ವ ಬೈದ್ಲು ಅಕ್ಕ. ನೀನು ಒಂದು ಎರಡು ಹೇಳವ್ವ ಅಂದೆ, ನಾನು ಹೇಳ್ದೆ; ಕುರಿ ಎಣಿಸಾಕೆ ಅಂತ ನನಗೆ ಅಂದಿದ್ದೇನೋ, ಅಂದಿದ್ರೆ ಬ್ಯಾಡ ಅಂತ ಅವತ್ತೇ ಹೇಳ್ತಿದ್ನಲ್ಲೋ ಅಂದ್ಲು."

ತಾಯಿಯ ದನಿಯನ್ನು ಊರೂರಿಗೆ ಒಯ್ದವನು ತಾಯಿಯನ್ನು ಕೇಳಿರಲಿಲ್ಲ.

"ದನಿ ತೆಗೀತೀನಿ," ಎಂದ. "ಸೈರನ್ನಿಗೆ ಬೇರೆ ಸ್ಪೀಕರ್ ಹಾಕ್ತೀನಿ. ಅದು ಸುಲಭ."

"ಆಫೀಸಿಗೆ ಬರೋ ಲೆಕ್ಕ?"

"ಅದು ಆಗಲ್ಲ ಅಕ್ಕ. ಹಣ ಹಾಕಿದೋರು ಹಾಕಿರೋದೇ ಅದಕ್ಕೆ. ಯಾವ ಊರಲ್ಲಿ ಎಷ್ಟು ಕುರಿ ಅಂತ ದಿನದಿನದ ಲೆಕ್ಕ ಬೇರೆ ಯಾರ ಹತ್ರ ಐತೆ? ವ್ಯಾಪಾರದೋರಿಗೆ ಬೇಕು, ವಿಮೆಯೋರಿಗೆ ಬೇಕು. ಅದು ಇಲ್ದಿದ್ರೆ ನಮ್ಮ ಹತ್ರ ಏನು ಉಳೀತೈತೆ? ಬರೀ ಒಂದು ಕಬ್ಬಿಣದ ಬಾಗ್ಲು."

"ಬಾಗಿಲು ಅಂತ ತಾನೇ ನಾವು ಅವರಿಗೆ ಕೊಟ್ಟಿರೋದು?"

ಅವನು ಎದ್ದು ಹೋದ. ಒಬ್ಬಳ ಮಾತಿನ ಮೇಲೆ ಇಷ್ಟು ದೊಡ್ಡ ಬದಲಾವಣೆ ಕೇಳುವುದು ಸರಿಯಲ್ಲ, ಅವನ ನಿಯಮದಂತೆಯೂ ಅಲ್ಲ. ಉಳಿದವರನ್ನು ಕೇಳಬೇಕಿತ್ತು. ಆದರೆ 'ದನಿ ನಿಮಗೆ ಇಷ್ಟವಿಲ್ಲವಾ' ಎಂದು ಕೇಳಿದರೆ ಮತ್ತೆ ತಲೆನೋವು, ಬ್ಯಾಟರಿಯೇ ಬರುತ್ತಿದ್ದವು. ಪ್ರಶ್ನೆಯನ್ನು ಬದಲಿಸಿದೆ. ಒಂದೊಂದು ಹಟ್ಟಿಗೂ ಫೋನ್ ಮಾಡಿ ಎರಡು ವಸ್ತು ಮುಂದಿಟ್ಟೆ: "ಬಾಗಿಲು ಲೆಕ್ಕ ಹೇಳಬಹುದು, ಇಲ್ಲವೇ ಬರೀ ದೀಪ ಹಚ್ಚಬಹುದು. ಬೆಳಿಗ್ಗೆ ಹೋದದ್ದೆಲ್ಲ ಸಂಜೆ ಬಂದಿದ್ದರೆ ಹಸಿರು, ಕಮ್ಮಿಯಿದ್ದರೆ ಕೆಂಪು. ಯಾವುದು ಇರಲಿ?" ಇದರಲ್ಲಿ ಯಾರನ್ನೂ ನೋಯಿಸುವ ಅಗತ್ಯವಿಲ್ಲ, ಎರಡರಲ್ಲಿ ಒಂದನ್ನು ಆಯ್ದುಕೊಂಡರೆ ಸಾಕು. ಒಬ್ಬರು: "ದೀಪ ಇರ್ಲಿ." ಮುಂದಿನವರು: "ದೀಪನೇ ಹಾಕಿಬಿಡ್ರಿ." ಎರಡನೆಯ ಪ್ರಶ್ನೆಯೂ ಹಾಗೆಯೇ: ಲೆಕ್ಕ ಆಫೀಸಿಗೆ ಬರಲೋ, ಬಾಗಿಲಲ್ಲೇ ಇರಲೋ? ಆಫೀಸಿಗೆ ಎಂದವರು ಯಾರೂ ಇಲ್ಲ. ಒಬ್ಬರಂತೂ, "ಆಫೀಸಿಗೆ ಬರ್ತಿತ್ತಾ?" ಎಂದು ಕೇಳಿ ಇಟ್ಟುಬಿಟ್ಟರು.

ಆ ಕರೆಗಳನ್ನು ಸಾರಾಂಶ ಮಾಡದೆ, ಪ್ರಸನ್ನನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಕೇಳಿಸಿದೆ. ಹತ್ತು ಮನೆ ಕೇಳುವಷ್ಟರಲ್ಲಿ ಅವನು ಕೈಯೆತ್ತಿ ಸಾಕು ಎಂದ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಲೆಕ್ಕ ಬಾಗಿಲು ಬಿಟ್ಟು ಹೊರಗೆ ಹೋಗದಂತೆ ಅವನು ಎಲ್ಲವನ್ನೂ ಹೊಸದಾಗಿ ಬರೆದ. ಮೊಬೈಲಿಗೂ ಹೋಗದು, ಬೆಳಗಿನದನ್ನೂ ಸಂಜೆಯದನ್ನೂ ಬಾಗಿಲು ತನ್ನೊಳಗೇ ಹೋಲಿಸಿ ದೀಪ ಹಚ್ಚುತ್ತದೆ, ಅಷ್ಟೇ. ಹಣ ಹಾಕಿದವರು ಹಿಂದೆ ಸರಿದರು. ಎಂಜಿನಿಯರುಗಳಲ್ಲಿ ಇಬ್ಬರು ಬೇರೆ ಕಡೆ ಕೆಲಸ ಹುಡುಕಿಕೊಂಡರು. ದೊಡ್ಡ ಆಫೀಸು ಬಿಟ್ಟು ಮಾರುಕಟ್ಟೆ ಪ್ರಾಂಗಣದ ಹಿಂದಿನ ಒಂದು ಕೋಣೆಗೆ ಬಂದೆವು. ಪ್ರಸನ್ನ ಅದಕ್ಕೆ ನನ್ನನ್ನು ಹೊಣೆ ಮಾಡಲಿಲ್ಲ; ನಾನು ಮಾಡಿದ್ದು ಸರಿ ಎಂದೂ ಹೇಳಲಿಲ್ಲ. ಅವನ ಕೆಲಸ ಅವನು ಮಾಡಿದ, ನನ್ನದು ನಾನು. ಮೇಲಿನವರಿಂದ ನೀವೂ ಇದಕ್ಕಿಂತ ಹೆಚ್ಚು ಬಯಸಬೇಡಿ.

ಹೊಸ ಬಾಗಿಲು ಸಿದ್ಧವಾದಾಗ ಈರಮ್ಮನ ಹಟ್ಟಿಗೆ ಹೋದೆ. ಪ್ರಸನ್ನನೂ ಬಂದ. ರೊಪ್ಪ ಖಾಲಿಯಿತ್ತು, ಬೇಲಿಯ ಮುಳ್ಳನ್ನು ಅರ್ಧ ಉರುವಲಿಗೆ ಎಳೆದಿದ್ದರು. ಅವಳು ಶೇಂಗಾ ಬಿಡಿಸುವ ಕೂಲಿಯಿಂದ ಆಗಷ್ಟೇ ಬಂದಿದ್ದಳು, ಕೈಗೆಲ್ಲ ಮಣ್ಣು. ಕಾಯಲು ಧೈರ್ಯ ಸಾಲದೆ, ಉಳಿದ ಕುರಿಗಳನ್ನು ದೇವಸಮುದ್ರದ ಹತ್ತಿರ ತಮ್ಮನ ಮಂದೆಗೆ ಸೇರಿಸಿದ್ದಳು.

ಪ್ರಸನ್ನ ಚಪ್ಪಲಿ ಬಿಟ್ಟು ದೂರದಲ್ಲೇ ನಿಂತಿದ್ದ. ಈರಮ್ಮ ಅವನ ಕಡೆ ತಿರುಗಿದಳು.

"ಏನಪ್ಪಾ, ನಿಮ್ಮವ್ವ ಚೆನ್ನಾಗವ್ಳಾ?"

"ಚೆನ್ನಾಗವ್ಳೆ ಅಮ್ಮ."

"ಬೇಜಾರು ಮಾಡ್ಕೊಂಡ್ಲಾ?"

"ನನ್ನ ಮ್ಯಾಲೆ ಮಾಡ್ಕೊಂಡ್ಲು. ನಿಮ್ಮ ಮ್ಯಾಲಲ್ಲ."

ಅವಳು ಸ್ವಲ್ಪ ನಕ್ಕಳು. ನಾನು ಹೊಸ ಬಾಗಿಲಿನ ಬಗ್ಗೆ ಹೇಳಿದೆ. ದೀಪದ ವಿಷಯ, ಸೈರನ್ನಿಗೆ ಬೇರೆ ಬಾಯಿ ಇಟ್ಟ ವಿಷಯ. ಎಲ್ಲ ಕೇಳಿ ಒಂದೇ ಮಾತು ಕೇಳಿದಳು: "ಅದು ಈಗ ಯಾರಿಗೂ ಹೇಳಲ್ವಾ?" ನನ್ನನ್ನಲ್ಲ, ಪ್ರಸನ್ನನನ್ನು ಕೇಳಿದಳು.

"ಇಲ್ಲ ಅಮ್ಮ. ನನಗೂ ಹೇಳಲ್ಲ."

ಅವಳು ಯೋಚಿಸಿದಳು. ನಾವಿಬ್ಬರೂ ಕಾದೆವು.

"ಹಂಗಾದ್ರೆ ನಮ್ಮ ತಮ್ಮನ ರೊಪ್ಪಕ್ಕೆ ಹಾಕ್ರಿ. ನಾನೂ ಬರ್ತೀನಿ ನಡೀರಿ. ನನ್ನ ಕುರಿ ಅಲ್ಲೇ ಅವೆ."

ಕೈ ತೊಳೆದುಕೊಂಡು ಲಗೇಜ್ ಆಟೋದಲ್ಲಿ ನಮ್ಮ ಪಕ್ಕವೇ ಕುಳಿತಳು. ಬಾಗಿಲು ಕೂರಿಸಿ ರಾತ್ರಿ ಅಲ್ಲೇ ಉಳಿದೆವು; ಬೆಳಿಗ್ಗೆ ಮಂದೆ ಅದರ ಮೂಲಕವೇ ಮೇಯಲು ಹೋಯಿತು, ಸಂಜೆ ತಿರುಗಿ ಬರುವ ಹೊತ್ತಾಯಿತು. ಧೂಳೆಬ್ಬಿಸುತ್ತ ಬಂದವು, ಬಾಯಲ್ಲಿ ತಡೆದವು, ಆಮೇಲೆ ಒಂದರ ಹಿಂದೆ ಒಂದು ನುಗ್ಗಿದವು. ಬಾಗಿಲು ಏನೂ ಹೇಳಲಿಲ್ಲ. ಕೊನೆಯ ಮರಿ ಒಳಗೆ ಹೋದಾಗ ಹಸಿರು ದೀಪ ಹತ್ತಿತು. ಈರಮ್ಮ ಅದನ್ನು ನೋಡಲಿಲ್ಲ. ಬೇಲಿಯ ಮೇಲಿಂದ ಬಗ್ಗಿ ಮಂದೆಯ ಮೇಲೆ ಕಣ್ಣಾಡಿಸಿದಳು, ತನ್ನವನ್ನು ಒಂದೊಂದಾಗಿ ಗುರುತಿಸುತ್ತಾ, ಅವಸರವಿಲ್ಲದೆ. ಎಲ್ಲ ಮುಗಿದ ಮೇಲೆ ತಿರುಗಿ ದೀಪ ನೋಡಿದಳು.

"ಸರಿ ಐತೆ," ಎಂದು ಹೇಳಿ, ಬಾಗಿಲು ಎಳೆದು ತಾನೇ ಅಗುಳಿ ಹಾಕಿದಳು.